ಯಲ್ಲವ್ವನ ಸಂಚಿಯಲ್ಲಿ ಅಕ್ಕನ ಫೋನು

ಆ ಭಾನುವಾರ ಮುಂಜಾನೆ ನಾನು ಕೊಪ್ಪಳದಿಂದ ಕುಷ್ಟಗಿಯ ಅಕ್ಕನಿಗೆ ಫೋನ್ ಮಾಡಿದೆ. ಎತ್ತಿದವಳು ಅಕ್ಕನಲ್ಲ.

"ಯಾರ್ರಿ?" ಎಂದಿತು ಒಂದು ದನಿ. ಹಿಂದೆ ಬಸ್ಸಿನ ಹಾರ್ನು.

"ಇದು ಗಿರಿಜಕ್ಕನ ಫೋನ್ ಅಲ್ಲೇನ್ರಿ?"

"ಹೌದ್ರಿ ಸಣ್ಣಕ್ಕಾರ. ನಾನು ಯಲ್ಲವ್ವ. ಗಿರಿಜಕ್ಕ ಮನ್ಯಾಗ ಅದಾಳ್ರಿ. ನಾನು ಮೊಸರು ಮಾರಾಕ ಬಸ್ ಸ್ಟ್ಯಾಂಡ್ ಕಡಿ ಬಂದೀನಿ."

"ಮತ್ತ ಫೋನ್ ನಿನ್ನ ಹತ್ರ ಯಾಕೈತಿ?"

"ಹೆಜ್ಜಿ ಹಾಕಾಕ್ರಿ!"

ನನಗೆ ತಲೆಬುಡ ಅರ್ಥವಾಗಲಿಲ್ಲ. ನಿಮಗೂ ಆಗಿರಲಿಕ್ಕಿಲ್ಲ. ಹೇಳುತ್ತೇನೆ.

ಯಲ್ಲವ್ವ ಅಕ್ಕನ ಓಣಿಯವಳು. ಎರಡು ಎಮ್ಮೆ ಸಾಕಿದ್ದಾಳೆ. ತಲೆಯ ಮೇಲೆ ಮೊಸರಿನ ಗಡಿಗೆ ಹೊತ್ತು ಊರೆಲ್ಲ ತಿರುಗುತ್ತಾಳೆ. ಸೊಂಟದಲ್ಲಿ ಎಲೆ ಅಡಿಕೆಯ ಸಂಚಿ. ಆ ಸಂಚಿಯಲ್ಲಿ, ಸುಣ್ಣದ ಡಬ್ಬಿಯ ಪಕ್ಕದಲ್ಲಿ, ಅಕ್ಕನ ಫೋನು.

ಅಕ್ಕನಿಗೆ ಒಬ್ಬಳೇ ಮಗಳು, ಪವಿತ್ರಾ. ಗಂಗಾವತಿಯಲ್ಲಿ ಹಾಸ್ಟೆಲಿನಲ್ಲಿದ್ದು ಬಿ.ಫಾರ್ಮ್ ಓದುತ್ತಾಳೆ. ಅಕ್ಕನಿಗೆ ಬಿ.ಪಿ., ಶುಗರ್ ಎರಡೂ ಇದ್ದವು. ಡಾಕ್ಟರು ದಿನಾ ನಡೆಯಬೇಕು ಅಂದಿದ್ದರು. ಪವಿತ್ರಾ ರಜೆಗೆ ಬಂದಾಗ ಅಕ್ಕನ ಫೋನಿಗೆ ಒಂದು ಹೆಲ್ತ್ ಆ್ಯಪ್ ಹಾಕಿ ಹೋದಳು. ನಡೆದರೆ ಅದು ಹೆಜ್ಜೆ ಎಣಿಸುತ್ತದೆ. ಗಂಗಾವತಿಯಲ್ಲಿ ಕುಳಿತು ಮಗಳು ನೋಡಬಹುದು. ಛಲೋ ಆಯಿತಲ್ಲ?

ಅಷ್ಟಕ್ಕೇ ಬಿಟ್ಟಿದ್ದರೆ ಛಲೋನೇ ಇತ್ತು. ಆದರೆ ಹಾಸ್ಟೆಲಿನ ಹುಡುಗಿಯರೆಲ್ಲ ತಮ್ಮ ತಮ್ಮ ಅವ್ವಂದಿರ ಫೋನಿಗೆ ಅದೇ ಆ್ಯಪ್ ಹಾಕಿದ್ದರು. ಹಾಕಿ ಅದರಲ್ಲೊಂದು ಗ್ರೂಪ್ ಮಾಡಿದರು. ಹೆಸರು 'ಅವ್ವನ ಹೆಜ್ಜಿ'. ಯಾರ ಅವ್ವ ಎಷ್ಟು ನಡೆದಳು, ಯಾರು ಮೊದಲು, ಯಾರು ಕೊನೆ, ಎಲ್ಲ ಅದರಲ್ಲಿ ಬರುತ್ತಿತ್ತು. (ಹುಡುಗಿಯರು ಪರೀಕ್ಷೆಯ ಮಾರ್ಕ್ಸ್ ಬಿಟ್ಟು ಅವ್ವಂದಿರನ್ನು ರೇಸಿಗೆ ಬಿಟ್ಟಿದ್ದರು.) ಯಲಬುರ್ಗಾದ ಒಬ್ಬ ಹುಡುಗಿಯ ತಾಯಿ ದಿನಾ ಹೊಲಕ್ಕೆ ಹೋಗುವವಳು, ಅವಳೇ ಯಾವಾಗಲೂ ಮೊದಲು. ನಮ್ಮ ಅಕ್ಕ ಕೊನೆ.

"ಏನಲೇ ಪವಿ, ನಿಮ್ಮವ್ವ ಫೋನ್ ಚಾರ್ಜಿಗೆ ಹಾಕಿ ಮರತಾಳೇನು?" ಎಂದು ಗೆಳತಿಯರು ಕಾಡಿಸಿದ್ದನ್ನು ಪವಿತ್ರಾ ನಗುತ್ತಲೇ ಅಕ್ಕನಿಗೆ ಹೇಳಿದಳು. ಅಕ್ಕ ನಗಲಿಲ್ಲ. ಮರುದಿನದಿಂದ ಫೋನು ಯಲ್ಲವ್ವನ ಸಂಚಿ ಸೇರಿತು.

ಮಧ್ಯಾಹ್ನ ಫೋನು ಮನೆಗೆ ಬಂದ ಮೇಲೆ ಅಕ್ಕ ನನಗೆ ಮಾತಿಗೆ ಸಿಕ್ಕಳು.

"ನಾನೆಲ್ಲಿ ನಡೀಲಿ? ನಾಕು ಮನಿ ದಾಟಿದ್ರ ಏದುಸಿರು ಬರ್ತೈತಿ. ಯಲ್ಲವ್ವ ಹೆಂಗಿದ್ರೂ ತಿರಗತಾಳ. ಸುಮ್ಮನ ದಂಡ ಆಗೂ ಹೆಜ್ಜಿ ನನ್ನ ಮಗಳಿಗೆ ಬರಲಿ ಬಿಡು."

"ಪವಿತ್ರಾಗ ಗೊತ್ತೈತೇನು?"

"ಹೇಳಿಗೀಳೀ ಮತ್ತ! ಈಗ ನಾನು ಎರಡನೇ ನಂಬರ್ ಅದೀನಿ."

ಇಬ್ಬರೂ ನಕ್ಕೆವು. ನಗದೆ ಇರಲು ಆಗುತ್ತದೆಯೇ? ನಗು ಮುಗಿಯುವ ಮೊದಲೇ ಅಕ್ಕ ಇನ್ನೊಂದು ಸುದ್ದಿ ಹೇಳಿದಳು. ಭಾವ ಹೊಸ ಚಪ್ಪಲಿ ತಂದಿದ್ದರು. (ಭಾವ ಕಾರಟಗಿಯ ಅಕ್ಕಿ ಗಿರಣಿಯಲ್ಲಿ ಕೆಲಸಕ್ಕಿದ್ದಾರೆ. ವಾರದ ಕೊನೆಗೆ ಮನೆಗೆ ಬರುತ್ತಾರೆ.)

"ಹಳೇವು ಬಿಗಿ ಆಗಾಕತ್ತಿದ್ವು. ಒಂದು ನಂಬರ್ ದೊಡ್ಡವು ತಂದಾರ."

"ದಪ್ಪ ಆಗಾಕತ್ತೀ ಬಿಡಬೇ."

"ಮತ್ತ! ದಿನಾ ಇಷ್ಟು ನಡೀತೀನಿ, ಕಾಲು ಬೆಳೀಬಾರದೇನು?"

ಮತ್ತೆ ನಗು. ಅದು ನಮ್ಮ ಮನೆಯ ಕೊನೆಯ ಸಾಧಾರಣ ದಿನ.

ಬುಧವಾರ ಯಲ್ಲವ್ವ ಎಂದಿನಂತೆ ಫೋನು ಒಯ್ದಳು. ಮೊಸರು ಮುಗಿಸಿ ಬಂದು ಬಾಗಿಲು ದೂಡಿದಾಗ ಅಕ್ಕ ಅಡಿಗೆಮನೆಯ ಗೋಡೆಗೆ ಒರಗಿ ಕುಳಿತಿದ್ದಳು. ಒಲೆ ಆರಿಸಿದ್ದಳು. ಪಕ್ಕದಲ್ಲಿ ಅರ್ಧ ಕುಡಿದ ನೀರಿನ ತಂಬಿಗೆ. ಯಲ್ಲವ್ವ ಕರೆದಳು, ಭುಜ ಹಿಡಿದು ಅಲುಗಿಸಿದಳು. ಜೀವ ಇರಲಿಲ್ಲ.

ಅದಕ್ಕೂ ಸ್ವಲ್ಪ ಹೊತ್ತಿನ ಮೊದಲು ಗಂಗಾವತಿಯಲ್ಲಿ ಕ್ಲಾಸಿನಲ್ಲಿ ಕುಳಿತಿದ್ದ ಪವಿತ್ರಾಳ ಮೊಬೈಲಿಗೆ ಆ್ಯಪಿನಿಂದ ಒಂದು ಮೆಸೇಜು ಬಂದಿತ್ತು. ನಿಮ್ಮ ತಾಯಿ ಇಂದಿನ ಗುರಿ ಮುಟ್ಟಿದ್ದಾರೆ ಎಂದು. ಮೊದಲನೇ ನಂಬರ್! ಯಲಬುರ್ಗಾದವಳನ್ನು ಹಿಂದೆ ಹಾಕಿದ್ದಳು ಅಕ್ಕ. ಬೆಂಚಿನ ಕೆಳಗೇ ಹುಡುಗಿಯರು ಕೈ ಕುಲುಕಿದರಂತೆ. ಪವಿತ್ರಾ ಚಪ್ಪಾಳೆಯ ಚಿತ್ರ ಕಳಿಸಿದಳಂತೆ. ಆಮೇಲೆ ಫೋನು ರಿಂಗಾಯಿತು. ಸ್ಕ್ರೀನ್ ಮೇಲೆ 'ಅವ್ವ' ಎಂದಿತ್ತು. ಹುಡುಗಿ ಹೊರಗೋಡಿ ಬಂದು ಎತ್ತಿ, "ಚಾಂಪಿಯನ್!" ಎಂದಳು.

ಆ ಕಡೆ ಯಲ್ಲವ್ವ ಅಳುತ್ತಿದ್ದಳು.

ಈ ಅಂಕಣ ಕೆಲವು ವಾರ ಬರಲಿಲ್ಲ. ಯಾಕೆಂದು ನಿಮ್ಮಲ್ಲಿ ಒಂದಿಬ್ಬರು ಕೇಳಿ ಕಳಿಸಿದಿರಿ. ಇದೇ ಕಾರಣ.

ಅಕ್ಕನ ಮಣ್ಣಾದ ಮೇಲೆ ನಾನು ಪವಿತ್ರಾಳ ಜೊತೆ ಕುಷ್ಟಗಿಯಲ್ಲೇ ಉಳಿದೆ. ಅವಳು ಅಳಲಿಲ್ಲ, ಉಣ್ಣಲಿಲ್ಲ, ಪುಸ್ತಕದ ಚೀಲ ಬಿಚ್ಚಲಿಲ್ಲ. ಕಾಲೇಜಿಗೆ ಹೋಗುವುದಿಲ್ಲ ಎಂದು ಅಪ್ಪನಿಗೆ ಹೇಳಿಬಿಟ್ಟಳು. ಯಲ್ಲವ್ವ ಕಂಡರೆ ಒಳಗೆ ಎದ್ದು ಹೋಗುತ್ತಿದ್ದಳು. ಯಲ್ಲವ್ವನೂ ನಮ್ಮ ಮನೆಯ ಮುಂದೆ ಹಾಯುವುದನ್ನು ಬಿಟ್ಟಳು. ಗಡಿಗೆ ಹೊತ್ತು ಹಿಂದಿನ ಓಣಿ ಸುತ್ತಿ ಹೋಗುತ್ತಿದ್ದಳು. ಪವಿತ್ರಾ ನನಗೆ ಒಂದೇ ಮಾತು ಮತ್ತೆ ಮತ್ತೆ ಕೇಳುತ್ತಿದ್ದಳು.

"ಚಿಗವ್ವ, ಫೋನ್ ಮನ್ಯಾಗ ಇದ್ದಿದ್ರ ಅವ್ವ ನನಗ ಕಾಲ್ ಮಾಡ್ತಿದ್ಲಲ್ಲ?"

ಒಬ್ಬ ಡಾಕ್ಟರು, ಹೃದಯಾಘಾತ ಕೆಲವೊಮ್ಮೆ ಫೋನು ಎತ್ತುವಷ್ಟೂ ವೇಳೆ ಕೊಡುವುದಿಲ್ಲ ಅಂದರು. ಆದರೆ ಅಕ್ಕ ಒಲೆ ಆರಿಸಿದ್ದಳು, ನೀರು ಕುಡಿದಿದ್ದಳು. ಅಷ್ಟು ವೇಳೆಯಂತೂ ಸಿಕ್ಕಿತ್ತು.

"ಗೊತ್ತಿಲ್ಲವಾ" ಎನ್ನುತ್ತಿದ್ದೆ.

ಒಂದು ದಿನ ಹಾಸ್ಟೆಲಿನ ಗೆಳತಿಯರು ಗಂಗಾವತಿಯಿಂದ ಬಂದರು. ಪವಿತ್ರಾಳ ಸುತ್ತ ಕುಳಿತರು. ಕೊನೆಗೆ ಅಳವಂಡಿಯ ಹುಡುಗಿ ತಲೆ ತಗ್ಗಿಸಿ ಅಂದಳು, "ನಮ್ಮವ್ವಗ ಹೋಗಿ ಕೇಳಿದ್ನಿ. ಫೋನ್ ನಮ್ಮ ತಂಗಿ ಕಡೆ ಕೊಟ್ಟು ಕುಂಟಬಿಲ್ಲಿ ಆಡಾಕ ಕಳಸ್ತಿದ್ಲಂತ."

ಹನುಮಸಾಗರದ ಹುಡುಗಿ ತಡೆದು ತಡೆದು ಅಂದಳು, "ನಮ್ಮವ್ವ ಆಡಿನ ಕೊಳ್ಳಾಗ ಕಟ್ಟಿದ್ಲಂತ."

ಯಾರೋ ಒಬ್ಬಳು ಕಿಸಕ್ಕನೆ ನಕ್ಕಳು. ಪವಿತ್ರಾಳ ತುಟಿಯೂ ಅಲುಗಿತು. ಇಡೀ ರೇಸಿನಲ್ಲಿ ನಿಜವಾಗಿ ನಡೆದವಳು ಯಲಬುರ್ಗಾದ ಆ ಒಬ್ಬ ತಾಯಿ. ಮತ್ತೆ ಯಲ್ಲವ್ವ.

ಆ್ಯಪ್ ಸುಳ್ಳು ಹೇಳಲಿಲ್ಲ. ಅದಕ್ಕೆ ಸಿಕ್ಕ ಹೆಜ್ಜೆಯನ್ನು ಅದು ಎಣಿಸಿತು. ಈ ಹುಡುಗಿಯರಿಗೆ ಮೊದಲನೇ ವರ್ಷವೇ ಕಲಿಸುತ್ತಾರಂತೆ, ಡಾಕ್ಟರ ಚೀಟಿ ಕೈಗೆ ಬಂದರೆ ಔಷಧಿ ಓದುವ ಮೊದಲು ಅದು ಯಾರ ಚೀಟಿ ಎಂದು ಕೇಳಬೇಕು. ಮೊಬೈಲಿನಲ್ಲಿ ಬಂದ ಅಂಕಿಗೆ ಹಾಗೆ ಕೇಳಬೇಕೆಂದು ಯಾರಿಗೆ ಹೊಳೆಯುತ್ತದೆ? ಅದರ ಮೇಲೆ ಅವ್ವನ ಹೆಸರಿರುತ್ತದೆ. ಫೋಟೋ ಇರುತ್ತದೆ. ನಂಬದೆ ಏನು ಮಾಡುತ್ತೀರಿ?

ಊಟಕ್ಕೆ ಎಲೆ ಹಾಕಲು ಜಾಗ ಮಾಡುತ್ತ ಪವಿತ್ರಾ ಬಾಗಿಲಲ್ಲಿ ಬಿದ್ದಿದ್ದ ಗೆಳತಿಯರ ಚಪ್ಪಲಿಗಳನ್ನು ಬದಿಗೆ ಸರಿಸಿದಳು. ಮೂಲೆಯಲ್ಲಿ ಹೊಸದೊಂದು ಜೊತೆ ಕಂಡಿತು.

"ಚಿಗವ್ವ, ಇವು ಯಾರವು?"

"ನಿಮ್ಮವ್ವನವು. ಹಳೇವು ಬಿಗಿ ಆಗಿದ್ವಂತ, ಅದಕ್ಕ ನಿಮ್ಮಪ್ಪ ದೊಡ್ಡವು ತಂದಿದ್ರು."

ಅವಳು ಒಂದು ಚಪ್ಪಲಿ ತೆಗೆದುಕೊಂಡು ತಿರುಗಿಸಿ ಅಡಿಯಲ್ಲಿನ ನಂಬರು ನೋಡಿದಳು. ಕಟ್ಟೆಯ ಮೇಲೆ ಕುಳಿತುಬಿಟ್ಟಳು. ಗೆಳತಿಯರಿಗೂ ಕೂಡಲೇ ತಿಳಿಯಿತು. ನನಗೊಬ್ಬಳಿಗೇ ಗೊತ್ತಾಗಲಿಲ್ಲ. ಅಳವಂಡಿಯ ಹುಡುಗಿ ನನ್ನ ಕಿವಿಯಲ್ಲಿ ಹೇಳಿದಳು, "ಕಾಲು ಬಾವು ಬರೂದು, ಏದುಸಿರು. ಹಾರ್ಟ್ ಸೋಲಾಕತ್ತಿದ್ರ ಹಂಗ ಆಗ್ತೈತ್ರಿ. ಹೋದ ಪರೀಕ್ಷಾದಾಗ ನಾವೆಲ್ಲರೂ ಬರದೀವಿ."

ಪವಿತ್ರಾಗೆ ಆ ಉತ್ತರಕ್ಕೆ ಒಳ್ಳೆಯ ಮಾರ್ಕ್ಸ್ ಬಂದಿತ್ತಂತೆ.

ಆಗಲೇ ಯಲ್ಲವ್ವ ಬಂದಳು. ಹೊಸ್ತಿಲ ಹೊರಗೆ ಗಡಿಗೆ ಇಳಿಸಿ, ನನ್ನನ್ನು ಮಾತ್ರ ನೋಡುತ್ತ ಅಂದಳು, "ಹುಡಿಗ್ಯಾರು ದೂರದಿಂದ ಬಂದಾರಂತ್ರಿ ಸಣ್ಣಕ್ಕಾರ. ಮೊಸರು ತಂದೀನಿ. ಇಟ್ಟು ಹೋಗ್ತೀನ್ರಿ."

ತಿರುಗಿ ಎರಡು ಹೆಜ್ಜೆ ಇಟ್ಟಿದ್ದಳು. ಕಟ್ಟೆಯ ಮೇಲಿಂದ ಪವಿತ್ರಾ ಕೇಳಿದಳು, "ಅತ್ತಿ, ಅವತ್ತು ಮುಂಜಾನೆ ಅವ್ವ ಹೆಂಗಿದ್ಲು?"

ಅಷ್ಟು ದಿನ ಯಾರೂ ಯಲ್ಲವ್ವನಿಗೆ ಅದನ್ನು ಕೇಳಿರಲಿಲ್ಲ. ಪೊಲೀಸರ ಹಾಗೆ ಫೋನು ಯಾಕೆ ಒಯ್ದೆ ಎಂದು ಕೇಳಿದವರೇ ಎಲ್ಲ.

ಯಲ್ಲವ್ವ ಸೆರಗು ಬಾಯಿಗೆ ಒತ್ತಿಕೊಂಡಳು. "ಚಾ ಮಾಡಿ ಕೊಟ್ಲವಾ. ತಾ ಕುಡೀಲಿಲ್ಲ. ಗ್ವಾಡಿ ಹಿಡಕೊಂಡು ಬಾಗಲತನಕ ಬಂದ್ಲು. 'ಇವತ್ತು ಜರಾ ದೂರ ತಿರಗಬೇ ಯಲ್ಲವ್ವಾ, ಯಲಬುರ್ಗಿಯಾಕಿನ್ನ ದಾಟಬೇಕು, ಪವಿ ಖುಷಿ ಆಗ್ತಾಳ' ಅಂದ್ಲು. ಆತು ಅಂತ ಹೊಸಾ ಬಡಾವಣಿಗೂ ಹೋದ್ನಿ. ದಿನಾ ಅಷ್ಟು ದೂರ ಹೋಗವಾಕಿ ಅಲ್ಲ ನಾನು. ಅಲ್ಲಿಗೆ ಹೋಗದಿದ್ರ... ಲಗೂನ ಬರ್ತಿದ್ನಿ."

ನಾನು ಪವಿತ್ರಾಳ ಮುಖ ನೋಡಿದೆ. ಅವಳು ಚಪ್ಪಲಿಯನ್ನು ಜೋಡಿಯ ಪಕ್ಕಕ್ಕೆ ಇಟ್ಟಳು. ಎದ್ದು ಹೋಗಿ ಗಡಿಗೆ ಎತ್ತಿಕೊಂಡಳು.

"ಒಳಗ ಬಾ ಅತ್ತಿ. ಉಂಡು ಹೋಗು."

ಅಂದು ಯಲ್ಲವ್ವನ ಪಕ್ಕದಲ್ಲಿ ಕುಳಿತು ಉಣ್ಣುತ್ತ ಅವಳು ಅತ್ತಳು. ಮೊದಲ ಸಲ. ಬೇಕಾದಷ್ಟು ಅತ್ತಳು.

ಹೋದ ಸೋಮವಾರ ಪವಿತ್ರಾ ಗಂಗಾವತಿಗೆ ಹೋದಳು. ಬಸ್ ಸ್ಟ್ಯಾಂಡಿನವರೆಗೆ ಯಲ್ಲವ್ವ ಚೀಲ ಹಿಡಿದು ಬಂದಳು. ಗ್ರೂಪಿನಲ್ಲಿ ಅಕ್ಕನ ಹೆಸರು ಇನ್ನೂ ಇದೆ, ಕೊನೆಯ ಸಾಲಿನಲ್ಲಿ, ಸೊನ್ನೆ ಹೆಜ್ಜೆ. ತೆಗೆಯೋಣವೇ ಎಂದು ಗೆಳತಿಯರು ಕೇಳಿದ್ದಕ್ಕೆ ಪವಿತ್ರಾ ಬೇಡ ಅಂದಳಂತೆ. ಹುಡುಗಿಯರು ಈಗ ಆ ಪಟ್ಟಿ ನೋಡುವುದಿಲ್ಲ. ಮನೆಗೆ ವಿಡಿಯೋ ಕಾಲ್ ಮಾಡಿ, "ಬೇ ಅವ್ವಾ, ಕ್ಯಾಮೆರಾ ಕೆಳಗ ಮಾಡು, ಕಾಲು ತೋರಿಸು" ಎನ್ನುತ್ತಾರಂತೆ. "ಹುಚ್ಚ ಹಿಡದೈತೇನಲೇ ನಿನಗ" ಎಂದು ಬೈಸಿಕೊಳ್ಳುತ್ತಾರಂತೆ. ಬೈದರೂ ಅವ್ವಂದಿರು ತೋರಿಸುತ್ತಾರಂತೆ.

ಪವಿತ್ರಾಗೆ ಹಾಗೆ ಬೈಯುವವರಿಲ್ಲ.

ಹೋಗುವ ಮೊದಲು ಅಕ್ಕನ ಫೋನಿಗೆ ಚಾರ್ಜ್ ಹಾಕಿ, ಅಡಿಗೆಮನೆಯ ಗೂಡಿನಲ್ಲಿಟ್ಟು, "ಇದನ್ನ ಎಲ್ಲಿಗೂ ಒಯ್ಯಬ್ಯಾಡಪ್ಪ" ಎಂದು ಭಾವನಿಗೆ ಹೇಳಿ ಹೋಗಿದ್ದಾಳೆ. ಅವರು ಒಯ್ಯುವುದಿಲ್ಲ. ಯಲ್ಲವ್ವ ಮುಟ್ಟುವುದಿಲ್ಲ.

ಫೋನು ಈಗ ಮನೆಯಲ್ಲೇ ಇರುತ್ತದೆ. ಅಕ್ಕ ಇಲ್ಲ.