ಎಲೆ ಕೊಡುವ ಕೈ

ಮೊನ್ನೆ ಒಂಬತ್ತನೇ ತರಗತಿಯಲ್ಲಿ ಉತ್ತರ ಪತ್ರಿಕೆ ಹಂಚುತ್ತಿದ್ದೆ. ಒಬ್ಬಳು ಹುಡುಗಿ ಕೈ ಚಾಚಿದಳು, ಚಾಚಿದವಳೇ ನಾಚಿ ಹಿಂದಕ್ಕೆಳೆದುಕೊಂಡಳು. ಬೆರಳೆಲ್ಲ ಕಪ್ಪು. ಹಸಿ ಹೊಗೆಸೊಪ್ಪಿನ ಅಂಟು. ಅದು ಸೋಪಿಗೂ ಹೋಗುವುದಿಲ್ಲ, ಸೀಗೆಪುಡಿಗೂ ಹೋಗುವುದಿಲ್ಲ, ಸೊಪ್ಪಿನ ಕಾಲ ಮುಗಿದ ಮೇಲೆ ತಾನಾಗಿ ಬಿಡಬೇಕು. ಆ ಕಟು ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ಪತ್ರಿಕೆ ಹಿಡಿದುಕೊಂಡು ಹಾಗೇ ನಿಂತುಬಿಟ್ಟೆ... ನಮ್ಮ ಮಿಸ್ಸು ನೆನಪಾದರು.

ಪಿರಿಯಾಪಟ್ಟಣದ ಕಡೆಯ ನಮ್ಮ ಹೈಸ್ಕೂಲಿಗೆ ಅವರು ವಿಜ್ಞಾನ ಪಾಠಕ್ಕೆ ಬರುತ್ತಿದ್ದರು. ಸಾಲಿಗ್ರಾಮದವರು. ದಿನಾ ಹುಣಸೂರಿನಲ್ಲಿ ಬಸ್ಸು ಬದಲಾಯಿಸಿ ಬರಬೇಕು. ನಾಲೆ ನೀರಿನ ಗದ್ದೆಯ ಊರಿನವರಾದ್ದರಿಂದ ನಮ್ಮ ಹೊಗೆಸೊಪ್ಪಿನ ತಲೆ ಯಾವುದು ಬುಡ ಯಾವುದು ಅವರಿಗೆ ತಿಳಿಯದು. ಕುಳ್ಳಗಿದ್ದರು, ಬಿರುಸಾಗಿ ನಡೆಯುತ್ತಿದ್ದರು, ಕೋಪ ಮೂಗಿನ ತುದಿಯಲ್ಲೇ. ಚಾಕ್‌ಪೀಸು ಎಸೆದರೆ ಗುರಿ ತಪ್ಪುತ್ತಿರಲಿಲ್ಲ. ಆದರೆ ಯಾರಾದರೂ ಬುತ್ತಿ ತಂದಿಲ್ಲವೆಂದರೆ ಅವರ ಚಿತ್ರಾನ್ನದ ಡಬ್ಬಿ ನಮ್ಮ ಬೆಂಚಿಗೆ ಬರುತ್ತಿತ್ತು.

ಎಚ್‌ಐವಿ, ಏಡ್ಸ್ ಪಾಠ ಬಂದಾಗ ಹೆಡ್‌ಮಾಸ್ಟರು ವರಾಂಡದಲ್ಲೇ ಅವರನ್ನು ತಡೆದು, “ಅದೊಂದನ್ನ ಮನೇಲಿ ಓದ್ಕೊಳ್ಳಿ ಅಂದ್ಬುಡಿ ಮೇಡಂ” ಅಂದದ್ದು ನಮಗೆಲ್ಲ ಕೇಳಿಸಿತ್ತು. ಮಿಸ್ಸು ಕೇಳಿಸದವರಂತೆ ಒಳಗೆ ಬಂದು, ಬೋರ್ಡಿನ ಮೇಲೆ ದಪ್ಪಕ್ಷರದಲ್ಲಿ ಬರೆದು, “ಇದು ಒಂದು ವೈರಸ್” ಎಂದು ಶುರು ಮಾಡಿದರು. ಹಿಂದಿನ ಬೆಂಚಿನ ಹುಡುಗರಿಗೆ ಕೆಮ್ಮು ಹತ್ತಿಕೊಂಡಿತು. ಹುಡುಗಿಯರಾದ ನಾವು ತಲೆ ಎತ್ತಲಿಲ್ಲ. ಹುಡುಗರನ್ನು ಬೈಯುವುದರಲ್ಲೇ ಅರ್ಧ ಪೀರಿಯಡ್ಡು ಹೋಯಿತು. ಅದು ಮೈಯೊಳಗೆ ಹೋಗಿ ಏನು ಮಾಡುತ್ತದೆಂದು ಹೇಳಿ ಮುಗಿಸುವಷ್ಟರಲ್ಲಿ ಬೆಲ್ಲು. ಹೇಗೆ ಅಂಟುತ್ತದೆ, ಹೇಗೆ ಅಂಟುವುದಿಲ್ಲ ಅನ್ನುವುದು ನಾಳೆಗೆ ಎಂದರು.

ಆ ನಾಳೆ ಬರಲಿಲ್ಲ. ಸೊಪ್ಪು ಮುರಿಯುವ ಕಾಲ ಬಂತು, ಅರ್ಧ ತರಗತಿ ಖಾಲಿ. ಸೊಪ್ಪನ್ನು ಬೆಂಕಿಯ ಶಾಖದಲ್ಲಿ ಹದ ಮಾಡುವ ಎತ್ತರದ ಮನೆಗೆ ನಮ್ಮಲ್ಲಿ ಬ್ಯಾರನ್ ಅಂತಾರೆ. ಅದರ ಮುಂದಿನ ಚಪ್ಪರದಲ್ಲಿ ಕೂತು ಎಲೆಗಳನ್ನು ಕಡ್ಡಿಗೆ ಕಟ್ಟುವುದಕ್ಕೆ ಮನೆಮಂದಿಯೆಲ್ಲ ಬೇಕು, ಮಕ್ಕಳೂ ಬೇಕು. ಹೀಗೆ ಪಾಠದ ಅರ್ಧ ಶಾಲೆಯಲ್ಲೇ ಉಳಿಯಿತು. ಮಕ್ಕಳ ಬಾಯಲ್ಲಿ ಊರಿಗೆ ಬಂದದ್ದು ವೈರಸ್ ಅನ್ನುವ ಒಂದು ಪದ ಮಾತ್ರ.

ನಮ್ಮ ಮನೆಯಲ್ಲಿ ಆಗ ಅತ್ತೆ ಇದ್ದರು, ಅಪ್ಪನ ತಂಗಿ. ಎನ್. ಬೇಗೂರಿನ ಕಡೆಗೆ ಕೊಟ್ಟಿದ್ದರು. ಮಾವ ಶುಂಠಿ ಲೋಡಿನ ಲಾರಿಯಲ್ಲಿ ಕೇರಳಕ್ಕೆ ಹೋಗಿ ಬರುತ್ತಿದ್ದವರು, ಸೊರಗಿ ಸೊರಗಿ ತೀರಿಕೊಂಡರು. ಅತ್ತೆಗೂ ರಕ್ತ ಪರೀಕ್ಷೆ ಮಾಡಿದಾಗ ಎಚ್‌ಐವಿ ಇದೆ ಎಂದು ತಿಳಿಯಿತು. ಗಂಡನ ಮನೆಯವರು ಇರಿಸಿಕೊಳ್ಳಲಿಲ್ಲ. ಅಜ್ಜಿ ತಾನೇ ಹೋಗಿ ಮಗಳನ್ನು ಕರೆತಂದು, ಎಣ್ಣೆ ನೀರು ಹಾಕಿ, ತನ್ನ ಪಕ್ಕದಲ್ಲೇ ಮಲಗಿಸಿಕೊಂಡಿತ್ತು. ತಿಂಗಳಿಗೊಮ್ಮೆ ಅತ್ತೆ ಆಸ್ಪತ್ರೆಗೆ ಹೋಗಿ ಮಾತ್ರೆ ತರುತ್ತಿದ್ದರು. ಮೈ ಸ್ವಲ್ಪ ತುಂಬಿಕೊಂಡಿತ್ತು.

ಪಕ್ಕದ ಮನೆಯವರು ಬಂದು, “ಅದು ವೈರಸ್ಸಂತೆ ಕಣಮ್ಮ, ಸ್ಕೂಲಲ್ಲಿ ಯೋಳ್ಕೊಟ್ಟವ್ರೆ” ಅಂದ ಸಂಜೆ ಅಜ್ಜಿ ಬೆಳ್ಳಗಾಗಿಬಿಟ್ಟಿತು. ವೈರಸ್ ಎಂದರೇನೆಂದು ನಮ್ಮ ಅಜ್ಜಿಗೆ ಯಾರೂ ಕಲಿಸಬೇಕಾಗಿರಲಿಲ್ಲ! ಹೊಗೆಸೊಪ್ಪಿನ ಸಸಿಗೆ ಒಂದು ರೋಗ ಬರುತ್ತದೆ, ಎಲೆಯಲ್ಲಿ ಹಸಿರು ಹಳದಿ ಮಚ್ಚೆ ಮೂಡಿ ಗಿಡ ಮುದುಡುತ್ತದೆ. ಅದು ವೈರಸ್ಸು, ಕೈಯಿಂದ ಕೈಗೆ, ಗಿಡದಿಂದ ಗಿಡಕ್ಕೆ ಹೋಗುತ್ತದೆ, ರೋಗದ ಗಿಡ ಮುಟ್ಟಿದ ಕೈಯಲ್ಲಿ ಇನ್ನೊಂದು ಮುಟ್ಟಬೇಡಿ ಎಂದು ಹೊಲಕ್ಕೆ ಬರುವ ಸಾಹೇಬರು ಹೇಳಿ ಹೇಳಿ ಅಜ್ಜಿಗೆ ಬಾಯಿಪಾಠವಾಗಿತ್ತು. ಬಾಯಿಗೆ ಹೊಗೆಸೊಪ್ಪಿನ ಕಡ್ಡಿಪುಡಿ ಹಾಕಿದ ಕೈ ತೊಳೆಯದೆ ಸಸಿಮಡಿಗೆ ಬಂದೆಯೆಂದು ಅಜ್ಜಿಯೇ ಒಮ್ಮೆ ಬೈಸಿಕೊಂಡಿತ್ತು. ಅಂಥ ವೈರಸ್ಸು ಮನೆಯೊಳಗೆ, ಮಕ್ಕಳ ನಡುವೆ!

ಅಂದೇ ಅತ್ತೆಯ ಚಾಪೆ ಬ್ಯಾರನ್ ಪಕ್ಕದ ಶೆಡ್ಡಿಗೆ ಹೋಯಿತು. ತಟ್ಟೆ ಬೇರೆ, ಚೊಂಬು ಬೇರೆ. ಅಜ್ಜಿ ಮುದ್ದೆಯನ್ನು ಮೇಲಿನಿಂದ ತಟ್ಟೆಗೆ ಬಿಟ್ಟು, ಆಚೆ ಹೋಗಿ ಅಳುತ್ತಿತ್ತು. ಆ ತಿಂಗಳು ಅತ್ತೆ ಮಾತ್ರೆ ತರಲು ಹೋಗಲಿಲ್ಲ. ನಾನು ಕೇಳಿದ್ದಕ್ಕೆ, “ಬುಡು ಮಗ, ಎತ್ತವ್ವನೇ ಮುಟ್ಟಕ್ಕೆ ಅಂಜೋ ಮೈನ ಉಳಿಸ್ಕೊಂಡು ಏನ್ ಮಾಡಾದು” ಅಂದರು. ಮಾತ್ರೆ ಬಿಟ್ಟರೆ ಮಾವನ ಹಾಗೇ ಆಗುತ್ತದೆಂದು ನನಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು.

ಒಂದು ಶನಿವಾರ ಮಧ್ಯಾಹ್ನ ಮಿಸ್ಸು ಕೊಡೆ ಬೀಸಿಕೊಂಡು ನಮ್ಮ ಚಪ್ಪರಕ್ಕೇ ಬಂದರು. ಎಲೆ ಕಟ್ಟಲು ಬಂದಿದ್ದ ನನ್ನ ತರಗತಿಯ ಮಕ್ಕಳೂ ಅಲ್ಲಿದ್ದರು, ಯಾಕೆ ಶಾಲೆಗೆ ಬರುತ್ತಿಲ್ಲವೆಂದು ಎಲ್ಲರಿಗೂ ಸೇರಿಸಿ ಉಗಿದರು. ಅಜ್ಜಿ ನಗುತ್ತ, “ಸೊಪ್ಪು ಕಾಯಲ್ಲ ಕಣಿ ಮಿಸ್ಸಮ್ಮ, ಕೂತ್ಕಳಿ, ಕಾಪಿ ಕುಡೀರಿ” ಎಂದು ಗೋಣಿಚೀಲ ಹಾಸಿತು. ಸೊಪ್ಪು ಕಟ್ಟುವುದು ಇಬ್ಬರ ಕೆಲಸ. ಒಬ್ಬರು ಎರಡು ಮೂರು ಎಲೆಯ ತೊಟ್ಟು ಜೋಡಿಸಿ ಕೈಗೆ ಕೊಡುತ್ತಾರೆ, ಎದುರಿನವರು ದಾರ ಎಳೆದು ಕಡ್ಡಿಗೆ ಬಿಗಿಯುತ್ತಾರೆ. ಕಡ್ಡಿ ತುಂಬುವಷ್ಟರಲ್ಲಿ ಕೈಗೆ ಕೈ ಅದೆಷ್ಟು ಸಲ ತಾಗುತ್ತದೋ. ನಾವೆಲ್ಲ ಜೋಡಿ ಜೋಡಿ ಕೂತಿದ್ದೆವು. ಆಚೆ ಹೊಂಗೆಮರದ ಕೆಳಗೆ, ಅರೆಬಿಸಿಲಲ್ಲಿ, ಅತ್ತೆ ಒಬ್ಬರೇ ಎಲೆ ಜೋಡಿಸಿಕೊಂಡು ಒಬ್ಬರೇ ಕಟ್ಟುತ್ತಿದ್ದರು.

“ಅವರ್ಯಾಕೆ ಒಬ್ಬರೇ ಕೂತಿದ್ದಾರೆ?” ಎಂದರು ಮಿಸ್ಸು.

ಅಜ್ಜಿಯೇ ಹೇಳಿತು. “ನೀವೇ ಕಲಿಸಿದ್ರಲ್ಲ ಮಿಸ್ಸಮ್ಮ, ವೈರಸ್ಸು ಅಂತ. ಎತ್ತೋರಿಗೆ ಎಗ್ಗಣ ಮುದ್ದು ಅಂತಾರೆ, ನನ್ ಮಗಳು ನಂಗೆ ಮುದ್ದಿಲ್ವಾ? ಆದ್ರೆ ರೋಗದ ಗಿಡ ಮುಟ್ಟಿದ ಕೈ ಸಸಿಮಡಿನೇ ಆಳು ಮಾಡ್ತದೆ. ಮಕ್ಕಳವೆ ಮನೇಲಿ.” ಸಸಿಯ ರೋಗದ ಕತೆಯನ್ನೆಲ್ಲ ಬಿಡಿಸಿ ಹೇಳಿತು.

ಮಿಸ್ಸಿಗೆ ಕೋಪ ಬರುತ್ತದೆಂದು ನಾವು ಕಾದೆವು. ಬರಲಿಲ್ಲ. ಮುಖ ಸಣ್ಣದಾಯಿತು. “ತಪ್ಪು ನಂದು ಅಜ್ಜಿ, ಅರ್ಧ ಹೇಳಿ ಬಿಟ್ಟಿದ್ದೀನಿ. ಇನ್ನರ್ಧ ಈಗ ಕೇಳಿ” ಎಂದರು. ಗಿಡದ ವೈರಸ್ಸು ಎಲೆಯ ರಸದಲ್ಲಿರುತ್ತದೆ, ನಿಮ್ಮ ಕೈಯಲ್ಲಿ ಎಲೆ ತರಚಿದರೆ ರಸ ಮೆತ್ತಿಕೊಂಡು ಮುಂದಿನ ಗಿಡಕ್ಕೆ ಹೋಗುತ್ತದೆ. ಇದು ಹಾಗಲ್ಲ, ಮುಟ್ಟಿದರೆ ಬರುವುದಿಲ್ಲ, ಬೆವರು, ಎಂಜಲು, ತಟ್ಟೆ, ಚಾಪೆ, ಯಾವುದರಿಂದಲೂ ಬರುವುದಿಲ್ಲ. ಸೋಂಕು ಇರುವವರ ರಕ್ತ ಇನ್ನೊಬ್ಬರ ರಕ್ತಕ್ಕೆ ಸೇರಬೇಕು, ಒಬ್ಬರಿಗೆ ಚುಚ್ಚಿದ ಸೂಜಿಯನ್ನೇ ಇನ್ನೊಬ್ಬರಿಗೆ ಚುಚ್ಚಬೇಕು, ಕಾಂಡೋಮ್ ಇಲ್ಲದೆ ಗಂಡು ಹೆಣ್ಣು ಕೂಡಬೇಕು, ಇಲ್ಲಾ ಬಸುರಿನಲ್ಲಿ, ಹೆರಿಗೆಯಲ್ಲಿ, ಎದೆಹಾಲಿನಲ್ಲಿ ತಾಯಿಯಿಂದ ಮಗುವಿಗೆ ಹೋಗಬೇಕು, ಅದನ್ನೂ ಔಷಧಿಯಿಂದ ತಡೆಯಬಹುದು ಎಂದರು.

“ಅಯ್ಯೋ ಮಿಸ್ಸಮ್ಮ, ಮಕ್ಕಳ ಮುಂದೆ!” ಅಂತು ಅಜ್ಜಿ.

“ಮಕ್ಕಳಿಗೆ ಹೇಳೋಕೇ ನಂಗೆ ಸಂಬಳ ಕೊಡೋದು” ಎಂದರು ಮಿಸ್ಸು. ಚಪ್ಪರವೆಲ್ಲ ನಕ್ಕಿತು.

ಅಲ್ಲಿ ಒಂದು ಸೋಜಿಗ ನಡೆಯಿತು. ತರಗತಿಯಲ್ಲಿ ತುಟಿ ಹೊಲಿದುಕೊಂಡಿದ್ದ ನಾವು ಕೇಳತೊಡಗಿದೆವು. ಕೈಗೆ ಕೆಲಸ, ಕಣ್ಣು ದಾರದ ಮೇಲೆ, ಯಾರ ಮುಖವನ್ನೂ ಯಾರೂ ನೋಡಬೇಕಾಗಿಲ್ಲ. ಸೊಳ್ಳೆ ಕಚ್ಚಿದರೆ ಬರುತ್ತದಾ ಎಂದೊಬ್ಬಳು ಕೇಳಿದಳು. ಕಟಿಂಗ್ ಶಾಪಿನ ಬ್ಲೇಡಿನಿಂದ? ಎಂದೊಬ್ಬ. ಸೊಳ್ಳೆಯಿಂದ ಇಲ್ಲ, ಬ್ಲೇಡು ಹೊಸದು ಹಾಕಿ ಅನ್ನು, ಹಾಕಿಸಿಕೊಳ್ಳದೆ ಕೂರಬೇಡ ಎಂದರು. ಕೂಲಿಗೆ ಬಂದಿದ್ದ ಅಕ್ಕ ತಲೆ ತಗ್ಗಿಸಿಕೊಂಡೇ, “ದೂರ ಓಗಿ ಬರೋ ಗಂಡನ್ನ ಎಂಗ್ ಮಿಸ್ಸಮ್ಮ ಕೇಳಾದು?” ಎಂದರು. “ಕೇಳೋದು ಕಷ್ಟವೇ. ಕಾಂಡೋಮ್ ಹಾಕ್ಕೊ ಅನ್ನಿ. ಅದೂ ಆಗಲ್ಲ ಅಂದ್ರೆ ನೀವು ಹೋಗಿ ಪರೀಕ್ಷೆ ಮಾಡಿಸ್ಕೊಳ್ಳಿ, ಅದಕ್ಕೆ ಯಾರ ಅಪ್ಪಣೆ ಬೇಕು?” ಎಂದರು ಮಿಸ್ಸು.

ಅಜ್ಜಿ ಎಲ್ಲ ಕೇಳಿಸಿಕೊಂಡು, “ಬಾಯಲ್ಲಿ ಯೋಳಾದು ಸುಲ್ಬ ಬುಡಿ. ನೀವು ಓಗಿ ಕೂತ್ಕತೀರಾ ಅವಳ ಎದುರ್ಗೆ?” ಎಂದಿತು.

ಮಿಸ್ಸು ಸೆರಗು ಸಿಕ್ಕಿಸಿ ಎದ್ದು ಹೋಗಿ ಅತ್ತೆಯ ಎದುರು ಕೂತರು. ಎಲೆ ತೆಗೆದು ಕೊಟ್ಟರೆ ತಲೆಕೆಳಗು! ಅತ್ತೆ ಮುಟ್ಟದೆ, ನೆಲದ ಮೇಲಿಡಿ ಎಂದು ಸನ್ನೆ ಮಾಡಿದರು. ಮಿಸ್ಸು ಕೈಗೇ ಇಟ್ಟರು. ಆಮೇಲೆ ನನಗೂ ಕಟ್ಟೋದು ಕಲಿಸಿ ಎಂದು ದಾರ ಇಸಿದುಕೊಂಡು ಎಳೆದರು ನೋಡಿ, ಅಭ್ಯಾಸವಿಲ್ಲದ ಕೈ, ದಾರ ಬೆರಳನ್ನು ಕೊಯ್ದೇಬಿಟ್ಟಿತು. ರಕ್ತ.

ಅತ್ತೆ ಚಂಗನೆ ಎದ್ದು ದೂರ ನಿಂತರು. “ಬ್ಯಾಡಿ ಮಿಸ್ಸಮ್ಮ, ಬುಟ್ಬುಡಿ! ರಕ್ತ ಬತ್ತಾ ಅದೆ! ನಿಮಗೂ ಮಕ್ಕಳವೆ!”

ಚಪ್ಪರದಲ್ಲಿ ಎಲ್ಲರ ಕೈ ನಿಂತವು. ಈಗ ಎದ್ದು ಹೋಗುತ್ತಾರೆ, ಹೋದರೆ ಅತ್ತೆಯ ಕತೆ ಮುಗಿಯಿತು ಎಂದುಕೊಂಡೆ. ಮಿಸ್ಸು ತೊಟ್ಟಿಯ ಹತ್ತಿರ ಹೋಗಿ ಬೆರಳು ತೊಳೆದು, ಕರವಸ್ತ್ರ ಬಿಗಿದುಕೊಂಡು ಬಂದರು. ಅತ್ತೆಯ ಕೈ ಹಿಡಿದು ಅಂಗೈ, ಬೆರಳು, ಎಲ್ಲ ತಿರುಗಿಸಿ ನೋಡಿದರು. “ನಿಮ್ಮ ಕೈಲಿ ಗಾಯ ಎಲ್ಲಿದೆ? ಬರೀ ಅಂಟು. ನಿಮ್ಮ ರಕ್ತವೇ ಆಚೆ ಬಂದಿಲ್ಲ, ನಂಗೆ ಹೇಗೆ ಬರುತ್ತೆ? ಗಾಯ ಆದ್ರೆ ತೊಳೆದು ಕಟ್ಕೋಬೇಕು, ಯಾರಿಗಾದ್ರೂ ಅಷ್ಟೇ. ಕೂತ್ಕೊಳ್ಳಿ, ಕಡ್ಡಿ ಅರ್ಧಕ್ಕೇ ನಿಂತಿದೆ.” ಕೂತು, ಮತ್ತೆ ತಲೆಕೆಳಗಾದ ಎಲೆಯನ್ನೇ ಕೊಟ್ಟರು.

ಅಜ್ಜಿ ಅವರಿಬ್ಬರನ್ನೇ ನೋಡುತ್ತ ಒಂದು ಕಡ್ಡಿ ಕಟ್ಟಿ ಮುಗಿಸಿತು. ಆಮೇಲೆ ಗದರಿಸುವ ದನಿಯಲ್ಲಿ, “ಲೇ, ಬಿಸ್ಲಲ್ಲಿ ಸೊಪ್ಪು ಬಾಡ್ತದೆ, ಬಾ ಇತ್ಲಾಗೆ!” ಎಂದು ಕೂಗಿತು. ಅತ್ತೆ ಬಂದು ಚಪ್ಪರದ ಅಂಚಿನಲ್ಲಿ ಕೂತರು. ಅಜ್ಜಿ ತನ್ನ ಜೋಡಿಯನ್ನು ಬಿಟ್ಟು ಎದ್ದು, ಮಗಳ ಎದುರಿಗೆ ಹೋಗಿ ಕೂತು, ಎಲೆ ಜೋಡಿಸಿ ಕೈ ಚಾಚಿತು. ಅತ್ತೆ ತೆಗೆದುಕೊಳ್ಳಲಿಲ್ಲ, ಅಳುತ್ತಿದ್ದರು. “ತಕ” ಎಂದಿತು ಅಜ್ಜಿ. “ನಾಳಿದ್ದು ಆಸ್ಪತ್ರೆಗೆ ನಾನೂ ಬತ್ತೀನಿ.”

ಆ ರಾತ್ರಿ ಚಾಪೆ ಒಳಗೆ ಬಂತು. ಡಾಕ್ಟರು ಬೈದು, ಪರೀಕ್ಷೆ ಮಾಡಿಸಿ, ಮತ್ತೆ ಮಾತ್ರೆ ಶುರು ಮಾಡಿದರು.

ಈಗ ಅಜ್ಜಿ ಇಲ್ಲ. ಮಿಸ್ಸಿಗೆ ಕೆ.ಆರ್. ನಗರದ ಕಡೆಗೆ ವರ್ಗವಾಯಿತು. ನಾನು ಅವರದೇ ವಿಷಯ ಓದಿ, ಅವರದೇ ಕೆಲಸಕ್ಕೆ ಬಂದೆ. ಹೋದ ವರ್ಷ ಮಿಸ್ಸು ಎದೆನೋವೆಂದು ಮಲಗಿದವರು ಏಳಲಿಲ್ಲ... ಸುದ್ದಿ ಹೇಳಿದಾಗ ಅತ್ತೆ ಕಟ್ಟುತ್ತಿದ್ದ ಕಡ್ಡಿ ಕೆಳಗಿಟ್ಟು, “ಒಂದು ಎಲೆನೂ ನೆಟ್ಟಗೆ ಕೊಡ್ನಿಲ್ಲ ಕಣವ್ವ ಆ ಪುಣ್ಯಾತ್ಗಿತ್ತಿ” ಎಂದು ನಗಲು ಹೋಗಿ, ಗೊಳೋ ಎಂದು ಅತ್ತುಬಿಟ್ಟರು. ಇಬ್ಬರೂ ಸಾಲಿಗ್ರಾಮಕ್ಕೆ ಹೋಗಿ ಮುಖ ನೋಡಿ ಬಂದೆವು.

ಮೊನ್ನೆ ಪತ್ರಿಕೆ ಹಂಚಿದ ಮೇಲೆ ನಾನು ಅದೇ ಪಾಠ ಮಾಡಿದೆ. ಪೂರ್ತಿ ಮಾಡಿದೆ. ಕೊನೆಗೆ ಡೌಟು ಕೇಳ್ರೋ ಎಂದರೆ ಎಲ್ಲರ ತಲೆ ಕೆಳಗೆ, ಹಿಂದಿನ ಬೆಂಚಿಗೆ ಅದೇ ಕೆಮ್ಮು. ಕಪ್ಪು ಕೈಯ ಆ ಹುಡುಗಿಯನ್ನು ಕರೆದು, ಶನಿವಾರ ನಿಮ್ಮ ಬ್ಯಾರನ್‌ಗೆ ಬರಲಾ, ಊರಿನ ನಿನ್ನ ಗೆಳತಿಯರನ್ನೂ ಕೂರಿಸ್ತೀಯಾ ಎಂದೆ. ಅವಳು ನನ್ನನ್ನು ವಿಚಿತ್ರವಾಗಿ ನೋಡಿ, ಹೂಂ ಅಂದಳು.

ಸಂಜೆ ಅತ್ತೆಗೆ ಫೋನು ಮಾಡಿ ಹೇಳಿದೆ.

“ನಾನೂ ಬತ್ತೀನಿ ಕಣವ್ವ” ಎಂದರು. “ಕಟ್ಟಾದು ನಾನು. ಎಲೆ ಕೊಡಾಕೆ ಅವರಿಲ್ವಲ್ಲ, ನೀನೇ ಕೊಡು. ನಂಗೆ ಏನದೆ ಅಂತ ಆ ಮಕ್ಕಳಿಗೆ ನಾನೇ ಯೋಳ್ತೀನಿ.”