ನಾಲ್ಕು ಗಂಟೆಯ ದಾರಿಗೆ ಎರಡು ದಿನದ ಬುತ್ತಿ

ಮುಂಬೈಯಿಂದ ಬೆಳಿಗ್ಗೆ ಒಂಬತ್ತಕ್ಕೆ ಹಾರಿದ ನಾನು ಬಹರೈನಿನಲ್ಲಿ ಇಳಿದಾಗ ಅಲ್ಲಿನ ಗೋಡೆ ಗಡಿಯಾರದಲ್ಲಿ ಹತ್ತೂವರೆ. ಕೆಟ್ಟು ಹೋಗಿರಬೇಕು ಅಂದುಕೊಂಡೆ. ಜೊತೆಗೆ ಬಂದ ಮಲಯಾಳಿಯೊಬ್ಬ ನಕ್ಕು ವಿವರಿಸಿದ: ಹಾರಿದ್ದು ನಾಲ್ಕು ಗಂಟೆ, ಇಲ್ಲಿನ ಸಮಯ ನಮಗಿಂತ ಎರಡೂವರೆ ಗಂಟೆ ಹಿಂದೆ. ಪುತ್ತೂರಿನಿಂದ ಬೆಂಗಳೂರಿಗೆ ಬಸ್ಸಿನಲ್ಲಿ ಇದರ ಎರಡರಷ್ಟು ಹೊತ್ತು ಬೇಕು. ಹೊರಡುವಾಗ ಮಂಗಳೂರಿನ ಬಜ್ಪೆ ವಿಮಾನ ನಿಲ್ದಾಣದಲ್ಲಿ ಅತ್ತದ್ದೆಲ್ಲ ದಂಡ ಅನ್ನಿಸಿತು.

ಊರಿಗೆ ಮಾತ್ರ ನಾನು ಬೇರೆ ಲೆಕ್ಕ ಹೇಳಿದೆ. ಅದನ್ನು ಬರೆಯುವಾಗ ಈಗಲೂ ನಾಚಿಕೆಯಾಗುತ್ತದೆ.

ಬಂದ ಮೂರನೆಯ ವರ್ಷ ಅಕ್ಕ ಬೂತಿನಿಂದ ಫೋನ್ ಮಾಡಿದಳು. ಮಗಳು ವಾರಿಜಳ ಮದುವೆ ನಿಕ್ಕಿಯಾಗಿತ್ತು. ಭಾವ ತೀರಿಕೊಂಡಿದ್ದರು, ಮದುಮಗಳನ್ನು ಮಂಟಪಕ್ಕೆ ಕರೆತರಬೇಕಾದ ಸೋದರಮಾವ ನಾನೊಬ್ಬನೇ. ಡಿಪ್ಲೊಮ್ಯಾಟಿಕ್ ಏರಿಯಾದ ನಮ್ಮ ಆಫೀಸಿನಲ್ಲಿ ಐದು ದಿನದ ಇಜಾಜಾ, ಅಂದರೆ ರಜೆ, ಕೇಳಿದರೆ ಸಿಗುತ್ತಿತ್ತು. ಆದರೆ ಮದುವೆಯ ದಿನವಾದ ಶುಕ್ರವಾರವೇ ಇಲ್ಲಿ ನಮ್ಮ ಊರ ಕಡೆಯವರೆಲ್ಲ ಸೇರಿ ಆಡುವ ಯಕ್ಷಗಾನ. ನನಗೆ ದೇವೇಂದ್ರನ ವೇಷ. ಘನಂದಾರಿ ವೇಷವೇನಲ್ಲ, ಹೆಚ್ಚು ಹೊತ್ತು ಕಿರೀಟ ಹೊತ್ತು ಕೂರುವುದೇ ಕೆಲಸ. ಆದರೂ ಊರಿನಲ್ಲಿ ನನಗೆ ಬಣ್ಣ ಹಚ್ಚಲು ಯಾರೂ ಕರೆದವರಿರಲಿಲ್ಲ. ಇಲ್ಲಿ ಜನ ಕಡಿಮೆ, ಹಾಗಾಗಿ ಸಿಕ್ಕಿತ್ತು.

ಬರಲು ಎರಡು ದಿನ, ಹೋಗಲು ಎರಡು ದಿನ, ರಜೆಯೆಲ್ಲ ದಾರಿಗೇ ಸರಿಹೋಗುತ್ತದೆ ಎಂದೆ. ಅಕ್ಕ ನಂಬಿದಳು. ಅಷ್ಟು ದೂರದಲ್ಲಿ ಹೇಗಿದ್ದೀಯೋ ಎಂದು ನನಗಾಗಿಯೇ ಮರುಗಿದಳು. ವಾರಿಜಳ ಕೈ ಹಿಡಿದು ಮಂಟಪಕ್ಕೆ ತಂದದ್ದು ಪಕ್ಕದ ಮನೆಯ ಮೇಷ್ಟ್ರು.

ಮರುವರ್ಷ ನನ್ನ ಹೆಂಡತಿ ಸುಮತಿಯ ಬಾಣಂತನಕ್ಕೆ ಅಕ್ಕನನ್ನೇ ಕರೆಸಿದೆವು. ಟಿಕೆಟ್ ಕಳಿಸುವಾಗ ನನಗೆ ಏನೂ ಹೊಳೆಯಲಿಲ್ಲ. ಸುಳ್ಳು ಹೇಳಿದವನೇ ಅದನ್ನು ಮೊದಲು ಮರೆಯುವುದು. ಬೆಳಿಗ್ಗೆ ಮನೆಯಲ್ಲಿ ಕಾಫಿ ಕುಡಿದು ಹೊರಟ ಅಕ್ಕ ದೀಪ ಹಚ್ಚುವ ಹೊತ್ತಿಗೆ ಉಮ್ ಅಲ್ ಹಸ್ಸಮಿನ ನಮ್ಮ ಫ್ಲ್ಯಾಟಿನಲ್ಲಿದ್ದಳು. ಚೀಲದಿಂದ ಬಾಳೆಲೆಯ ಕಟ್ಟುಗಳನ್ನು ತೆಗೆದು ಮೇಜಿನ ಮೇಲಿಟ್ಟಳು. ಬನ್ಸ್, ಹುಳಿ ಅವಲಕ್ಕಿ, ಎರಡು ದಿನಕ್ಕಾಗುವಷ್ಟು. ಒಂದನ್ನೂ ಬಿಚ್ಚಿರಲಿಲ್ಲ. ಬನ್ಸ್ ಇನ್ನೂ ಮೆತ್ತಗಿದ್ದವು.

"ಇಷ್ಟೇ ದೂರವಾ ಮಾರಾಯ?" ಎಂದಳು.

ಗೋಡೆಯಲ್ಲಿ ಕಿರೀಟ ಹೊತ್ತ ನನ್ನ ಫೋಟೋ ನೇತಾಡುತ್ತಿತ್ತು. ಅದು ಯಾವಾಗಿನದೆಂದು ಅಕ್ಕ ಕೇಳಿದಳು. ವಾರಿಜಳ ಮದುವೆಯ ದಿನದ್ದೇ ಎಂದು ಸುಮತಿ ಹೇಳಿಬಿಟ್ಟಳು. ಪಾಪ, ಅವಳಿಗೇನು ಗೊತ್ತು. ಅಕ್ಕ ಸ್ವಲ್ಪ ಹೊತ್ತು ಫೋಟೋ ನೋಡಿದಳು. ಆಮೇಲೆ ನನ್ನತ್ತ ತಿರುಗದೆ ಸುಮತಿಗೆ ಹೇಳಿದಳು:

"ಆಗಿನ ವಿಮಾನ ನಿಧಾನ ಹೋಗ್ತಿತ್ತು ಕಾಣ್ತದೆ."

ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ.

ಈಗ ರಜೆ ಮುಗಿಸಿ ಹೊರಡುವಾಗಲೆಲ್ಲ ಅಕ್ಕ ಬುತ್ತಿ ಕಟ್ಟುತ್ತಾಳೆ, ತಪ್ಪದೆ ಎರಡು ದಿನದ್ದು. ಬೇಡವೆನ್ನಲು ನನಗೆ ಮುಖವಿಲ್ಲ. ವಿಮಾನದಲ್ಲಿ ಬಿಚ್ಚುವುದಿಲ್ಲ. ಇಲ್ಲಿಗೆ ಬಂದು, ಆಫೀಸಿಗೆ ಹೋಗುತ್ತಾ, ಎರಡು ದಿನ ಅದನ್ನೇ ತಿನ್ನುತ್ತೇನೆ. ಅದು ಮುಗಿಯುವವರೆಗೆ ನಾನು ಊರಿನಲ್ಲೂ ಇಲ್ಲ, ಇಲ್ಲಿಗೂ ಬಂದು ಮುಟ್ಟಿರುವುದಿಲ್ಲ.