ಮಂಕಿಕ್ಯಾಪಿನ ಫುಟ್‌ಬಾಲ್

ಮಂಡಿ ಕಳಚಬಹುದಿತ್ತು. ಕನ್ನಡಕ ಒಡೆದು ಚೂರು ಕಣ್ಣಿಗೆ ಹೋಗಬಹುದಿತ್ತು. ನಾವು ಹೊಡೆದಾಡುತ್ತಿದ್ದೇವೆಂದು ಎದುರು ಅಪಾರ್ಟ್‌ಮೆಂಟಿನವರು ಪೊಲೀಸರಿಗೆ ಫೋನ್ ಮಾಡಬಹುದಿತ್ತು. ಮಳೆ ಜೋರಾಗಬಹುದಿತ್ತು, ಹೃದಯ ನಿಲ್ಲಬಹುದಿತ್ತು. ಇನ್ಶೂರೆನ್ಸಿನವರು 'ಈ ವಯಸ್ಸಿಗೆ ಇದೆಲ್ಲ ಬೇಕಿತ್ತಾ' ಎಂದರೆ ಹೇಳಬೇಕಾದ ಉತ್ತರವನ್ನೂ ನಾನು ಯೋಚಿಸಿಟ್ಟುಕೊಂಡಿದ್ದೆ.

ಅಮೆರಿಕನ್ ಫುಟ್‌ಬಾಲ್ ಹುಟ್ಟಿದ ಬಗೆಯ ಕುರಿತು ಮಗಳು ಶಾಲೆಯ ಚರಿತ್ರೆ ಪಾಠಕ್ಕಾಗಿ ಕಿರುಚಿತ್ರ ಮಾಡುತ್ತಿದ್ದಳು. ಸೋಮವಾರ ಒಪ್ಪಿಸಬೇಕು, ಭಾನುವಾರ ಸಂಜೆಯಾದರೂ ಕೊನೆಯ ದೃಶ್ಯ ಬಾಕಿ. ಆಟಗಾರರೆಂದರೆ ಅಮೆರಿಕದ ನಮ್ಮ ಬಡಾವಣೆ ಕ್ರಾಸ್‌ರೋಡ್ಸ್‌ನ, ನಾನೂ ಸೇರಿ ಆರು ಜನ ಸಾಫ್ಟ್‌ವೇರ್ ಅಪ್ಪಂದಿರು. ಆ ಕಾಲದವರಿಗೆ ಹೆಲ್ಮೆಟ್ ಇರಲಿಲ್ಲ, ಉಣ್ಣೆಯ ಟೋಪಿಯೇ ಗತಿಯಂತೆ. ಬೆಂಗಳೂರಿನಿಂದ ಬಂದು ಹೋದ ಅಮ್ಮಂದಿರು ಬಿಟ್ಟ ಮಂಕಿಕ್ಯಾಪು ಎಲ್ಲರ ಮನೆಯಲ್ಲೂ ಇತ್ತು. ಹೆಂಡತಿ ಪಾರ್ಕಿನ ಹುಲ್ಲಿನ ಮೇಲೆ ರಂಗೋಲಿ ಪುಡಿಯಲ್ಲಿ ಗೆರೆ ಎಳೆದು, ನನಗೆ ಕಾಡಿಗೆಯ ಮೀಸೆ ತೀಡಿದಳು.

"ರೀ, ಬಗ್ಗಬೇಡಿ ಅಂದಿದಾರೆ ಡಾಕ್ಟ್ರು."

"ಬಗ್ಗಲ್ಲ ಕಣೇ, ಬೀಳ್ತೀನಿ ಅಷ್ಟೆ."

ಆಗಿನ ಆಟದಲ್ಲಿ ಚೆಂಡನ್ನು ಮುಂದಕ್ಕೆ ಎಸೆಯುವಂತಿರಲಿಲ್ಲ. ಅವಚಿಕೊಂಡು ಓಡಿ, ಗೆರೆಯಾಚೆ ಅದನ್ನು ನೆಲಕ್ಕೆ ಮುಟ್ಟಿಸಬೇಕಿತ್ತು. ಟಚ್‌ಡೌನ್ ಎಂಬ ಹೆಸರು ಬಂದದ್ದೇ ಹಾಗೆ. ಮಗಳಿಗೆ ಬೇಕಿದ್ದದ್ದು ಆ ಮುಟ್ಟಿಸುವ ದೃಶ್ಯ.

"ಒಂದೇ ಟೇಕ್ ಅಪ್ಪಾ. ಇಟ್ಸ್ ಗೆಟಿಂಗ್ ಡಾರ್ಕ್."

ಪಾರ್ಕಿನ ಮೇಲೆ ಮಂಜು ಇಳಿಯುತ್ತಿತ್ತು. ಫರ್ ಮರಗಳು ಒಂದೊಂದಾಗಿ ಕರಗಿದವು, ರಸ್ತೆಯ ಸದ್ದು ದೂರ ಸರಿಯಿತು. ಎದುರು ನಿಂತ ಐದು ಮಂಕಿಕ್ಯಾಪುಗಳು ಯಾವುದೋ ಮಾಸಿದ ಫೋಟೋದಿಂದ ಎದ್ದುಬಂದ ಕಾಲೇಜು ಹುಡುಗರಂತೆ ತೋರಿದವು. ಚೆಂಡನ್ನು ಅವಚಿಕೊಂಡು ಓಡಿದೆ. ಓಡುತ್ತಿರುವುದು ನಾನೇ ಎನಿಸಲಿಲ್ಲ. ನೆಲವೇ ಮೆಲ್ಲಗೆ ನನ್ನಡಿಯಲ್ಲಿ ಜಾರುತ್ತಿತ್ತು. ಯಾರೋ ಸೊಂಟ ಹಿಡಿದರು, ಯಾರೋ ಕಾಲು.

"ಬಿಡ್ಬೇಡ್ರೋ! ಎಳ್ಕೊಳ್ರೋ ಒಳಗೆ!"

ಆ ಕೂಗು ಕಿವಿಗೆ ಬಿದ್ದದ್ದೇ ತಡ, ನನ್ನ ಮೈ ಬೇರೆಯೇ ಆಟಕ್ಕೆ ಹೊರಳಿತು. ಒಂದೇ ಉಸಿರಿನಲ್ಲಿ "ಕಬಡ್ಡಿ ಕಬಡ್ಡಿ" ಎನ್ನುತ್ತ, ಐವರನ್ನೂ ಎಳೆದುಕೊಂಡು, ಎರಡೂ ಕೈ ಉದ್ದಕ್ಕೆ ಚಾಚಿದೆ. ಬೆರಳಿಗೆ ಒದ್ದೆ ರಂಗೋಲಿ ತಾಗಿತು, ಅದರಾಚೆಯ ತಣ್ಣನೆಯ ಹುಲ್ಲು ತಾಗಿತು.

"ಔಟ್! ಐದೂ ಜನ ಔಟ್!" ಎಂದು ಕಿರುಚಿದೆ.

ಮಗಳು ಫೋನ್ ಕೆಳಗಿಳಿಸಿದಳು. "ಅಪ್ಪಾ, ವೇರ್ ಈಸ್ ದ ಬಾಲ್?"

ಎರಡನೇ ಟೇಕಿಗೆ ಬೆಳಕಿರಲಿಲ್ಲ. ಮಾರನೆಯ ದಿನ ಅವಳು ಒಪ್ಪಿಸಿದ ಚಿತ್ರದಲ್ಲಿ ಅಮೆರಿಕದ ಹಳೆಯ ಟಚ್‌ಡೌನು ಚೆಂಡಿಲ್ಲದೆಯೇ ಆಗುತ್ತದೆ.